ಚೆಂಡಿಗೆ ಬಿದ್ದ ಮೊಹರು

2007ರ ಫೆಬ್ರವರಿಯ ಒಂದು ಶುಕ್ರವಾರ ದೋಹಾದ ಅಬು ಹಮೂರಿನಲ್ಲಿ ನಮ್ಮ ಕರಾವಳಿ ಸಂಘದ ಕ್ರಿಕೆಟ್ ಫೈನಲ್ ನಡೆಯಿತು. ಊರಿನಿಂದ ಅತಿಥಿಯಾಗಿ ಬಂದಿದ್ದ ಮಾಜಿ ರಣಜಿ ಆಟಗಾರರೊಬ್ಬರು, ಆ ಪಂದ್ಯದಲ್ಲಿ ಬಳಸಿದ ಚೆಂಡಿಗೆ ಸಹಿ ಹಾಕಿದರು. ಚೆಂಡು ಸಿಕ್ಕಿದ್ದು ನನ್ನ ರೂಮ್‌ಮೇಟಿಗೆ.

ಅವರು ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಅವರ ಮ್ಯಾನೇಜರ್ ಅಮೆರಿಕದವರು. ಮ್ಯಾನೇಜರರ ಕ್ಯಾಬಿನ್ನಿನ ಗಾಜಿನ ಕಪಾಟಿನಲ್ಲಿ ಒಂದು ಬೇಸ್‌ಬಾಲ್ ಇತ್ತು. ಅದರ ಮೇಲೆ ಒಬ್ಬ ಆಟಗಾರನ ಸಹಿ, ಪಕ್ಕದಲ್ಲಿ ಹೊಳೆಯುವ ಚಿಕ್ಕ ಸ್ಟಿಕ್ಕರ್. ಚೆಂಡು ನಿಜವಾಗಿ ಪಂದ್ಯದಲ್ಲಿ ಬಳಸಿದ್ದೇ ಎಂದು ಮೈದಾನದಲ್ಲಿ ನಿಂತು ನೋಡಿದವರೇ ಅದನ್ನು ಅಂಟಿಸುತ್ತಾರಂತೆ. ಹೀಗೆಯೇ ಆಡಿದ, ಸಹಿ ಇರುವ, ಪುರಾವೆ ಇರುವ ಕ್ರಿಕೆಟ್ ಚೆಂಡು ತಂದರೆ ಪಕ್ಕದಲ್ಲಿ ಜಾಗ ಕೊಡುವುದಾಗಿ ಮ್ಯಾನೇಜರ್ ಹೇಳಿದ್ದರು. ಅಲ್ಲಿಯವರೆಗೆ ಸ್ಟೋರಿನವರ ಯಾವ ವಸ್ತುವೂ ಆ ಕ್ಯಾಬಿನ್ನಿನಲ್ಲಿ ಉಳಿದದ್ದಿಲ್ಲ. ಅಂದಿನಿಂದ ನಮ್ಮ ಊಟದ ಹೊತ್ತಿಗೆ ಇದೊಂದೇ ಮಾತು.

"ಕೆಸರು ಹಿಡಿದ ಬಾಲ್ ಮಾರಾಯ್ರೆ. ಊರಲ್ಲಾದ್ರೆ ನಾಯಿ ಕೂಡ ಮೂಸ್ಲಿಕ್ಕಿಲ್ಲ. ಇಲ್ಲಿ ಅದಕ್ಕೆ ಲೈಟ್ ಬೇರೆ!" ಎನ್ನುತ್ತಿದ್ದರು ರೂಮ್‌ಮೇಟ್, ಆ ಬೇಸ್‌ಬಾಲಿನ ಬಗ್ಗೆ.

ಈಗ ಸಹಿಯಾಯಿತು, ಪುರಾವೆ ಬಾಕಿ. ನಾನು ಇಂಗ್ಲಿಷ್ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದವನಾದ್ದರಿಂದ ಮೊದಲು ನನ್ನನ್ನೇ ಹಿಡಿದರು.

"ಸಹಿ ಹಾಕಿದ್ದು ನೀವು ನೋಡಿದ್ದೀರಲ್ಲ, ಬರ್ದು ಕೊಡಿ."

"ಅವರು ಪೆನ್ನು ಕೇಳಿದ್ದು ಕೇಳಿಸ್ತು. ಅಷ್ಟರಲ್ಲಿ ನಾನು ಚಾ ತರ್ಲಿಕ್ಕೆ ಹೋದೆ. 'ಸಹಿ ಹಾಕಿದರೆನ್ನಲಾಗಿದೆ' ಅಂತ ಬೇಕಾದ್ರೆ ಬರೀತೇನೆ."

"ಬೇಡ. ನೀವು ಚಾ ಕುಡಿದದ್ದನ್ನೇ ನಿಮ್ಮ ಪೇಪರಿನಲ್ಲಿ ಹಾಕಿ."

ಗಲ್ಫಿನಲ್ಲಿ ಪದವಿಯಾಗಲಿ ಮದುವೆಯಾಗಲಿ ಮೊಹರು ಬೀಳುವವರೆಗೆ ನಿಜವಲ್ಲ. ಆದ್ದರಿಂದ ಅವರು ನಮ್ಮಲ್ಲಿ ಯಾರಾದರೂ ಮಾಡುತ್ತಿದ್ದುದನ್ನೇ ಮಾಡಿದರು: ಚೆಂಡನ್ನು ಸಂಘದ ಅಧ್ಯಕ್ಷರ ಬಳಿಗೆ ಒಯ್ದರು. ನಾನೂ ಜೊತೆಗೆ ಹೋದೆ. ಅಧ್ಯಕ್ಷರದು ದಿನಸಿ ಅಂಗಡಿ. ಸಂಘದ ಸೀಲು ಗಲ್ಲಾದಲ್ಲಿತ್ತು.

"ಧೂಳಿನ ಮೇಲೆ ಸೀಲ್ ಕೂತ್ಕೊಳ್ಳುದಿಲ್ಲ," ಎಂದು ಅವರು ಒದ್ದೆ ಬಟ್ಟೆಯಿಂದ ಚೆಂಡು ಒರೆಸಿದರು. ಪಂದ್ಯದ ಮಣ್ಣು ಬಟ್ಟೆಗೆ ಹೋಯಿತು. ಚಪ್ಪಟೆ ಸೀಲು ಗುಂಡನೆಯ ಚೆಂಡಿನ ಮೇಲೆ ಸಂಘದ ಅರ್ಧ ಹೆಸರನ್ನಷ್ಟೇ ಮೂಡಿಸಿತು. ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ ಒತ್ತಿದ್ದು ನೇರ ಆಟಗಾರರ ಸಹಿಯ ಮೇಲೆ ಬಿತ್ತು. ಸೀಲಿದ್ದಲ್ಲಿ ಸಹಿ ಬೇಕೆಂದು ಅಧ್ಯಕ್ಷರು ಸಹಿ ಹಾಕಿದರು, ಪಕ್ಕದ ಟೈಪಿಂಗ್ ಸೆಂಟರಿನಿಂದ ಬಂದು ಖಜಾಂಚಿ ಹಾಕಿದರು. ಬಿಟ್ಟರೆ ಬೇಸರಪಟ್ಟಾರು ಎಂದು ಉಪಾಧ್ಯಕ್ಷರಿಗೆ ಫೋನಾಯಿತು. ಅವರು ಸ್ವಂತ ಪೆನ್ನು ತಂದರು.

"ಪ್ಲೇಯರ್‌ದು ಎಲ್ಲಿ?" ಎಂದರು ನನ್ನ ರೂಮ್‌ಮೇಟ್, ಚೆಂಡು ತಿರುಗಿಸುತ್ತ.

"ಅಡಿಯಲ್ಲಿ ಉಂಟಲ್ಲ. ಅದು ಎಲ್ಲಿಗೂ ಓಡುದಿಲ್ಲ," ಎಂದರು ಅಧ್ಯಕ್ಷರು.

ಭಾನುವಾರ ನಡೆದದ್ದನ್ನು ನಾನು ನೋಡಿಲ್ಲ; ರೂಮ್‌ಮೇಟ್ ಹೇಳಿದ್ದು. ಮ್ಯಾನೇಜರ್ ಚೆಂಡನ್ನು ಬೆಳಕಿಗೆ ಹಿಡಿದು, ಇವರೆಲ್ಲ ಯಾರು ಎಂದು ಕೇಳಿದರು. ದಿನಸಿ ಅಂಗಡಿ, ಟೈಪಿಂಗ್ ಸೆಂಟರ್ ಎಂದರೆ ಚೆಂಡು ಕೈಗೆ ವಾಪಸು ಬರುವುದು ಖಚಿತವಿತ್ತು. "ಆಟಗಾರರು," ಎಂದರಂತೆ ಇವರು, "ಫೈನಲ್ ಗೆದ್ದವರು." ಮ್ಯಾನೇಜರ್ ಬೇಸ್‌ಬಾಲನ್ನು ಸ್ವಲ್ಪ ಬಲಕ್ಕೆ ಸರಿಸಿ ಚೆಂಡನ್ನಿಟ್ಟರು. ಮುಂದಿನ ಪಂದ್ಯಾವಳಿಗೆ ಬಂದು ಈ ವೀರರ ಆಟ ನೋಡುವುದಾಗಿಯೂ ಹೇಳಿದರು.

"ಖಲಾಸ್ ಮಾರಾಯ್ರೆ. ಆಟ ನೋಡ್ಲಿಕ್ಕೆ ಬರ್ತಾರಂತೆ," ಎಂದು ಇವರು ಸಂಜೆ ಊಟ ಬಿಟ್ಟು ಕುಳಿತರು. "ಸುಳ್ಳು ಗೊತ್ತಾದ್ರೆ ಬಾಲ್ ಕಸದ ಬುಟ್ಟಿಗೆ."

ವಿಷಯ ತಿಳಿಸಿದಾಗ ಅಧ್ಯಕ್ಷರು ಸಿಟ್ಟಾಗಲಿಲ್ಲ. ತಮ್ಮ ಅಳತೆಯ ಬ್ಯಾಟಿಂಗ್ ಪ್ಯಾಡ್ ಸಿಗುತ್ತದೆಯೇ ಎಂದಷ್ಟೇ ಕೇಳಿದರು.

ಮುಂದಿನ ಚಳಿಗಾಲ ಮ್ಯಾನೇಜರ್ ಬಂದರು. ಅಧ್ಯಕ್ಷರು ಮತ್ತು ಉಪಾಧ್ಯಕ್ಷರು ಆರಂಭಿಕರಾಗಿ ಇಳಿದರು. ಅಧ್ಯಕ್ಷರು ಮೊದಲ ಎಸೆತಕ್ಕೇ ಬೌಲ್ಡ್ ಆದರು. ಉಪಾಧ್ಯಕ್ಷರು ರನ್ನಿಗೆಂದು ಅರ್ಧ ದಾರಿ ಬಂದು ನಿಂತುಬಿಟ್ಟರು. ಖಜಾಂಚಿಗೆ ಅಂದು ಬೆನ್ನುನೋವಿತ್ತು. ಕ್ರಿಕೆಟ್ಟಿನ ಗಂಧಗಾಳಿ ಇಲ್ಲದ ಮ್ಯಾನೇಜರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು.

2009ರಲ್ಲಿ ನಾನು ದೋಹಾ ಬಿಟ್ಟಾಗ ಚೆಂಡು ಗಾಜಿನ ಕಪಾಟಿನಲ್ಲೇ, ಬೇಸ್‌ಬಾಲಿನ ಎಡಕ್ಕೆ ಇತ್ತು.