ಹಿಮ್ಮಡಿ ಊರದ ಹೆಜ್ಜೆ

ಕರೂರಿನ ಅಂಬಮ್ಮನಿಗೆ ಬರೆಯಲು ಬರುವುದು ತನ್ನ ಹೆಸರು ಮಾತ್ರ. ಆದರೆ ಬಯಲಾಟದ ಮಾತು, ಪದ, ತಾಳ ಎಲ್ಲ ಬಾಯಿಪಾಠ. ಅವಳ ಗಂಡ ಮೈಲಾರಲಿಂಗಪ್ಪ ಆಟದ ಮಾಸ್ತರ. ಸಿರುಗುಪ್ಪ ಸೀಮೆಯ ಹದಿನೆಂಟು ಊರಲ್ಲಿ ರಾಜ, ಮಂತ್ರಿ, ರಾಕ್ಷಸರನ್ನು ಕುಣಿಸಿದವನು. ಹಗಲು ಭತ್ತ ನಾಟಿ ಮಾಡಿದವರು ಸಂಜೆ ಅವನ ಮುಂದೆ ರಾಜರಾಗುತ್ತಿದ್ದರು. ಅಂಬಮ್ಮ ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದಳು. ಮೂವತ್ತೆರಡು ವರ್ಷ ಹಾಕಿದಳು. ಹೋದ ಸಂಕ್ರಾಂತಿಯ ಮರುದಿನ ಅವನು ಸತ್ತ. ತಾಳ ಗೂಟಕ್ಕೆ ಹೋಯಿತು.

ಎಂಟು ತಿಂಗಳಾದ ಮೇಲೆ ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಶ್ರೀವಲ್ಲಿ ಎಂಬ ಹುಡುಗಿ ಬಂದಳು. ಅವರದೊಂದು ಕಲಾಸಂಸ್ಥೆ. ಅಂಗವಿಕಲರನ್ನು ಆಡಿಕೊಳ್ಳಬಾರದೆಂದು ಶಾಲೆ ಮಕ್ಕಳಿಗೆ ಆಟ ಕಲಿಸಿ ತಿಳಿಸುವ ಕೆಲಸ. ಕುರುಗೋಡಿನ ಶಾಲೆಯೊಂದರಲ್ಲಿ ಇಪ್ಪತ್ತು ಮಕ್ಕಳಿಗೆ ಬಯಲಾಟ ಕಲಿಸಬೇಕು, ಸಿರುಗುಪ್ಪದಲ್ಲಿ ಅಧಿಕಾರಿಗಳ ಮುಂದೆ ಆಡಿಸಬೇಕು. ಮಾಸ್ತರ ಇಲ್ಲದಿದ್ದರೆ ನೀವೇ ಬನ್ನಿ ಎಂದಳು. ಅಂಬಮ್ಮನಿಗೂ ಗೋಡೆ ನೋಡಿ ಸಾಕಾಗಿತ್ತು. ಬಸ್ಸು ಹತ್ತಿದಳು.

ಕಥೆ ಸಣ್ಣದು. ಒಬ್ಬ ಕುಂಟ ರಾಜಕುಮಾರ, ಅವನನ್ನು ಅಣಕಿಸುವ ಊರು. ಕೊನೆಗೆ ಊರು ಉಳಿಸುವವನು ಅವನೇ. ಆ ಪಾತ್ರಕ್ಕೆ ಶ್ರೀವಲ್ಲಿ ಪ್ರಣವನನ್ನು ಆರಿಸಿದಳು. ಓಟದಲ್ಲಿ ಶಾಲೆಗೇ ಮೊದಲಿಗ. ತರಗತಿಯಲ್ಲಿ ಅನುಷಾ ಎಂಬ ಹುಡುಗಿಯೂ ಇದ್ದಳು. ಅವಳ ಬಲಗಾಲಿಗೆ ಕಬ್ಬಿಣದ ಪಟ್ಟಿಯ ಬೂಟು. ಅವಳ ಮನಸ್ಸಿಗೆ ನೋವಾದೀತೆಂದು ಪರದೆ ಎಳೆಯಲು ನಿಲ್ಲಿಸಿದರು.

ಅಂಬಮ್ಮ ಹೆಜ್ಜೆ ಕಲಿಸಿದಳು. ಎಡಗಾಲು ನೆಲ ಗುದ್ದಬೇಕು. ಬಲಗಾಲು ಬೆರಳತುದಿ ಅಷ್ಟೇ ತಾಗಬೇಕು, ಹಿಮ್ಮಡಿ ಊರಬಾರದು. ಕೂಡಲೇ ಭುಜ ಎತ್ತಿ ಒಂದು ಜೋಲಿ. ಹಿಮ್ಮಡಿ ಊರಿದವರ ಕಾಲಿಗೆ ಮಾಸ್ತರ ತಟ್ಟುತ್ತಿದ್ದ. ಅವಳೂ ತಟ್ಟಿದಳು. ಅನುಷಾ ಪರದೆ ಹಿಡಿದುಕೊಂಡೇ ಒಂದು ದಿನದಲ್ಲಿ ಕಲಿತಳು. ಉಳಿದವರಿಗೆ ಹದಿನೈದು ದಿನ ಹಿಡಿಯಿತು.

ಹದಿನಾರನೆಯ ದಿನ ಪೂರ್ತಿ ಆಟ ಆಡಿಸಿದರು. ಕುಂಟ ರಾಜಕುಮಾರ ಕುಂಟುತ್ತ ಬಂದ. ಅವನನ್ನು ಅಣಕಿಸುವವರೂ ಕುಂಟುತ್ತ ಬಂದರು. ರಾಜ ಕುಂಟುತ್ತ ಬಂದು ಸಿಂಹಾಸನ ಏರಿದ. ಮಂತ್ರಿ, ಕಾವಲುಗಾರ, ಶತ್ರುಸೈನ್ಯ, ಎಲ್ಲರಿಗೂ ಬಲಗಾಲೇ ಕುಂಟು. ಶ್ರೀವಲ್ಲಿ ಎದ್ದು ನಿಂತಳು.

"ಅಂಬಮ್ಮನವರೇ, ಕುಂಟ ಒಬ್ಬನೇ ಅಲ್ವಾ?"

"ಹೌದವ್ವ, ಒಬ್ಬನ."

"ಮತ್ತೆ ಇವರೆಲ್ಲ?"

"ಇವರು ಕುಣಿಯಾಕ ಹತ್ಯಾರ."

ಮಾಸ್ತರನ ಕಾಲು ಹೇಗಿತ್ತು ಎಂದು ಶ್ರೀವಲ್ಲಿ ಮೆಲ್ಲಗೆ ಕೇಳಿದಳು. ಸಣ್ಣವನಿದ್ದಾಗ ಪೋಲಿಯೊ ಆಗಿತ್ತು, ಬಲಗಾಲು ಎಂದಳು ಅಂಬಮ್ಮ. ಹೇಳಿದ ಮೇಲೆ ತಿರುಗಿ ಮಕ್ಕಳ ಬಲಗಾಲು ನೋಡಿದಳು. ಮೂವತ್ತೆರಡು ವರ್ಷ ಅವಳ ತಲೆಗೆ ಹೊಳೆದಿರಲಿಲ್ಲ. ಮಾಸ್ತರನಿಗೂ ಹೊಳೆದಿರಲಿಲ್ಲ. ಅವನ ಗುರು ಕಲಿಸಿದ್ದ ಹೆಜ್ಜೆಯನ್ನು ಅವನ ಕಾಲು ತಿದ್ದಿತ್ತು. ತಿದ್ದಿದ್ದನ್ನೇ ಅವನು ಹದಿನೆಂಟು ಊರಿಗೆ ಹಂಚಿದ್ದ.

ನೆಟ್ಟಗಿನ ಹೆಜ್ಜೆ ಕಲಿಸಲು ದೇಶನೂರಿನ ಹುಲುಗೇಶನನ್ನು ಕರೆಸಿದರು. ಮಾಸ್ತರನ ಹಳೆಯ ಶಿಷ್ಯ, ಭತ್ತದ ಚೀಲ ಹೊರುವ ಗಟ್ಟಿ ಆಳು. ಗೇಟಿನಿಂದ ನೆಟ್ಟಗೆ ನಡೆದು ಬಂದ. ತಾಳ ಬಿದ್ದದ್ದೇ ಕುಂಟಿದ. ಹಿಮ್ಮಡಿ ಊರಿ ಎಂದದ್ದಕ್ಕೆ ಅವನಿಗೆ ಸಿಟ್ಟು ಬಂತು.

"ಹಿಮ್ಮಡಿ ಊರಿದ್ರ ಅದು ಬರೇ ನಡಿಗಿ ಆಕ್ಕೈತ್ರಿ ಮೇಡಂ. ಆಟ ಆಗಂಗಿಲ್ಲ."

ಬೇರೆ ಊರಿಂದ ಇನ್ನಿಬ್ಬರು ಬಂದರು. ಅವರೂ ಅಷ್ಟೇ. ಸೀಮೆಯಲ್ಲಿ ನೆಟ್ಟಗೆ ಕುಣಿಯುವ ರಾಜ ಒಬ್ಬನೂ ಸಿಗಲಿಲ್ಲ.

ಅಷ್ಟರಲ್ಲಿ ತಾಯಂದಿರು ಶಾಲೆಗೆ ಬಂದರು. ಮಕ್ಕಳು ನೀರಿಗೆ ಹೋದರೂ ಅಂಗಡಿಗೆ ಹೋದರೂ ಕುಂಟುತ್ತಿದ್ದವು. ಕುಂಟರ ಬಗ್ಗೆ ತಿಳಿಸುತ್ತೇವೆಂದು ಹೇಳಿ ನಮ್ಮ ಮಕ್ಕಳನ್ನೇ ಕುಂಟರನ್ನಾಗಿ ಮಾಡಿದಿರಿ ಎಂದು ಜಗಳ ತೆಗೆದರು. ಜಂಬಮ್ಮ ಎಂಬಾಕೆ ಮಗನನ್ನು ಎಲುಬಿನ ಡಾಕ್ಟರಿಗೂ ತೋರಿಸಿದ್ದಳು. ಅವರು ಎಕ್ಸ್‌ರೇ ತೆಗೆದು, ಕಾಲಿಗೆ ಏನೂ ಆಗಿಲ್ಲ, ಆದರೆ ಹುಡುಗ ತಾಳಕ್ಕೆ ಸರಿಯಾಗಿ ಕುಂಟುತ್ತಾನೆ ಎಂದಿದ್ದರಂತೆ.

ಪ್ರಣವನೊಬ್ಬನನ್ನು ಬಿಟ್ಟು ಉಳಿದವರ ಹೆಜ್ಜೆ ತಿದ್ದಿರಿ, ಇಲ್ಲವಾದರೆ ಆಟ ನಿಲ್ಲಿಸುತ್ತೇವೆ ಎಂದಳು ಶ್ರೀವಲ್ಲಿ. ತಿದ್ದುವುದು ಕಷ್ಟವಿರಲಿಲ್ಲ. ಊರಿರಿ ಎಂದರೆ ಮಕ್ಕಳು ಊರುತ್ತಿದ್ದವು. ಆದರೆ ಅಂಬಮ್ಮನ ಹತ್ತಿರ ಗಂಡನದೆಂದು ಇದ್ದದ್ದು ಆಧಾರ್ ಕಾರ್ಡಿನ ಮುಖ ಅಷ್ಟೇ. ಅವನ ನಡಿಗೆ ಉಳಿದದ್ದು ಈ ಹೆಜ್ಜೆಯಲ್ಲಿ. ಮಕ್ಕಳು ಕುಣಿದಾಗ ಅಂಗಳದ ಇಪ್ಪತ್ತು ಕಡೆಯಿಂದ ಅವನೇ ಬರುತ್ತಿದ್ದ. ಅದನ್ನು ತಿದ್ದಿದರೆ ಅವನಿಗೆ ತಾನೇ ಎರಡನೆಯ ಸಲ ಮಣ್ಣು ಹಾಕಿದಂತೆ.

ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಬಂದು ಹೇಳಿದಳು.

"ಹತ್ತೊಂಬತ್ತು ಮಂದೀನ ತಿದ್ದಾಕ ನನ್ನ ಕೈಲಿ ಆಗಂಗಿಲ್ಲವ್ವ. ಒಬ್ಬನ್ನ ತಿದ್ದತೀನಿ."

ಪ್ರಣವನನ್ನು ನೆಟ್ಟಗೆ ನಡೆಸಿದಳು. ಕುಂಟುವ ಊರಲ್ಲಿ ನೆಟ್ಟಗೆ ನಡೆಯುವವನು ಒಬ್ಬನೇ, ಊರೆಲ್ಲ ಅವನನ್ನು ಅಣಕಿಸಬೇಕು. ಪರದೆಯನ್ನು ಯಾರಾದರೂ ಎಳೆಯಲಿ, ಹೆಜ್ಜೆ ಬಂದವಳು ಕುಣಿಯಲಿ ಎಂದು ಅನುಷಾಳನ್ನು ರಾಜನನ್ನಾಗಿ ಮಾಡಿದಳು. ಶ್ರೀವಲ್ಲಿ ತಲೆ ಹಿಡಿದು ಕೂತಳು. ಮಕ್ಕಳು ಪ್ರಣವನನ್ನು ಎಷ್ಟು ಅಣಕಿಸಿದವೆಂದರೆ, ಎರಡನೆಯ ದಿನ ಅವನು ನಿಜವಾಗಿಯೂ ಅತ್ತ. ಆಗ ಶ್ರೀವಲ್ಲಿ ತಲೆ ಎತ್ತಿದಳು, ಆಟ ಹೀಗೇ ಇರಲಿ ಎಂದಳು.

ಸಿರುಗುಪ್ಪದಲ್ಲಿ ಆಟ ಚೆನ್ನಾಗಿಯೇ ಆಯಿತು. ಅಧಿಕಾರಿ ಶಾಲು ಹಿಡಿದು ವೇದಿಕೆಗೆ ಬಂದರು. ಇವರಲ್ಲಿ ನಿಜವಾದ ಅಂಗವಿಕಲ ಮಗು ಯಾರು, ಸನ್ಮಾನ ಮಾಡಬೇಕು ಎಂದರು. ಇಪ್ಪತ್ತು ಮಕ್ಕಳು ಸಾಲಾಗಿ ನಿಂತಿದ್ದರು. ರಾಜನ ನಿಲುವಂಗಿ ಅನುಷಾಳ ಬೂಟು ಮುಚ್ಚಿತ್ತು. ಅವಳು ಅಂಬಮ್ಮನನ್ನು ನೋಡಿ ಬೇಡವೆಂದು ತಲೆ ಅಲ್ಲಾಡಿಸಿದಳು. ಬಣ್ಣ ಹಚ್ಚುವಾಗಲೇ ಹೇಳಿದ್ದಳು, ಮನೆಯಲ್ಲಿ ಸನ್ಮಾನದ ಶಾಲು ನಾಲ್ಕು ಇವೆಯೆಂದು.

"ಇವರೊಳಗ ಇಲ್ರಿ ಸಾಹೇಬ್ರ," ಎಂದಳು ಅಂಬಮ್ಮ. "ಅಂವ ಸತ್ತು ಒಂಬತ್ತು ತಿಂಗಳಾತು."

ಅಧಿಕಾರಿ ಸಾಲನ್ನು ಇನ್ನೊಮ್ಮೆ ನೋಡಿದರು. ಶಾಲು ಬಿಚ್ಚಿದರು, ಮತ್ತೆ ಮಡಚಿದರು.

"ಮಂಗಳದ ಪದ ಬಾಕಿ ಐತ್ರಿ. ಸ್ವಲ್ಪ ಸರೀರಿ."

ಅವರು ಸರಿದರು. ಅಂಬಮ್ಮ ತಾಳ ಹಾಕಿದಳು. ಪಾತ್ರ ಮುಗಿದಿತ್ತು, ಪ್ರಣವನೂ ಹಿಮ್ಮಡಿ ಎತ್ತಿದ.