ಕುಂಞಿ ಬ್ಯಾರಿಯ ಜೀಪಿನ ಕೊಳೆ

ಪಾಣೆಮಂಗಳೂರಿನ ಮಹಮ್ಮದ್ ಕುಂಞಿ ಬ್ಯಾರಿಯವರು ಸೌದಿಯಲ್ಲಿ ಯಾರ್ಯಾರದೋ ಕಾರು ತೊಳೆದು ಸಾಕಾಗಿ, ತೊಂಬತ್ತರ ದಶಕದಲ್ಲಿ ಊರಿಗೆ ಬಂದು ತಮ್ಮದೇ ಜೀಪು ಕೊಂಡರು. ಬೆಳ್ತಂಗಡಿಯಿಂದ ನಾರಾವಿಗೆ ಸರ್ವಿಸ್. ತೊಳೆಯುವ ಹುಚ್ಚು ಮಾತ್ರ ಬಿಡಲಿಲ್ಲ. ಜೀಪು ಸದಾ ಮದುಮಗನ ಹಾಗೆ ಮಿನುಗುತ್ತಿತ್ತು. ಕೆಸರುಕಾಲಿನಲ್ಲಿ ಹತ್ತಿದವರನ್ನು ಇಳಿಸಿ, ಕಾಲು ತೊಳೆಸಿಯೇ ಮುಂದೆ ಹೋಗುತ್ತಿದ್ದರು. ಅದೇ ಸ್ಟ್ಯಾಂಡಿನ ಇನ್ನೊಬ್ಬ ಚಾಲಕ ಧರ್ಣಪ್ಪನ ಗಾಡಿ ಕಂಡರಂತೂ, "ಇದೆಂಥದು, ಕೋಳಿಗೂಡಾ?" ಎಂದು ಕೇಳದೆ ಇರುತ್ತಿರಲಿಲ್ಲ.

ಎರಡು ಸಾವಿರದ ಆರರ ಸುಮಾರಿಗೆ ಆ ದಾರಿಯಲ್ಲಿ ಸೋಯಾ ಫ್ಯಾಕ್ಟರಿಯೊಂದು ಎದ್ದಿತು. ಘಟ್ಟದ ಮೇಲಿಂದ ಬಂದ ಸೋಯಾವನ್ನು ಹಿಂಡಿ, ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಕೆಲಸ. ಬೀಡಿ ಸುತ್ತಿ ಸುತ್ತಿ ಬೆನ್ನು ಬಗ್ಗಿದ್ದ ಹೆಂಗಸರಿಗೆ ಅಲ್ಲಿ ಕೆಲಸ ಸಿಕ್ಕಿತು. ಕುಂಞಿಯವರ ಮಗಳು ನುಸ್ರತಳಿಗೂ ಸಿಕ್ಕಿತು. ಆದರೆ ಆ ಎಣ್ಣೆಯನ್ನು ಗಾಡಿಗೆ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಹೀಗೇ ಆದರೆ ಫ್ಯಾಕ್ಟರಿ ಮುಚ್ಚುತ್ತಾರಂತೆ ಎಂದು ಮಗಳು ಅತ್ತ ದಿನ ಕುಂಞಿಯವರು ಕ್ಯಾನು ಹಿಡಿದು ಫ್ಯಾಕ್ಟರಿಗೆ ಹೊರಟರು.

ಅಲ್ಲಿನ ಕೆಮಿಸ್ಟ್ ಶಶಿಪ್ರಭಾ ಮೊದಲೇ ಎಚ್ಚರಿಸಿದರು. "ಬ್ಯಾರಿಗಳೇ, ಈ ಎಣ್ಣೆ ಟ್ಯಾಂಕಿನ ಹಳೇ ಕೊಳೆಯನ್ನೆಲ್ಲ ಎಬ್ಬಿಸ್ತದೆ. ಮೊದಲು ಟ್ಯಾಂಕು ತೊಳೆಸಿ."

"ನನ್ನ ಜೀಪಿನಲ್ಲಿ ಕೊಳೆಯಾ? ಅದನ್ನು ಧರ್ಣಪ್ಪನಿಗೆ ಹೇಳಿ ಮೇಡಂ!"

ಜೀಪು ಓಡಿತು. ಹೊಗೆಯಲ್ಲಿ ಪೋಡಿ, ಬಜ್ಜಿ ಕರಿದ ಪರಿಮಳ. ರಂಜಾನ್ ತಿಂಗಳು ಬೇರೆ, ಉಪವಾಸವಿದ್ದವರು, "ಇದೆಂಥ ಪರೀಕ್ಷೆ ಮಾರಾಯ್ರೆ!" ಎಂದು ಮೂಗು ಮುಚ್ಚಿಕೊಂಡು ನಕ್ಕರು. ಆ ನಗು ಹೆಚ್ಚು ದಿನ ಬಾಳಲಿಲ್ಲ. ಒಂದು ಮಧ್ಯಾಹ್ನ ಏರುದಾರಿಯಲ್ಲಿ, ತುಂಬಿದ ಜೀಪು ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಜನ ಇಳಿದು ನಡೆದರು. ಸೋಯಾ ಎಣ್ಣೆ ಬ್ಯಾರಿಯ ಇಂಜಿನ್ ತಿಂದುಹಾಕಿತು ಎಂಬ ಸುದ್ದಿ ಸಂಜೆಯೊಳಗೆ ಮೂಡಬಿದಿರೆ ಮುಟ್ಟಿತು.

ಎಲ್ಲರೂ ಹೋದ ಮೇಲೆ ಕುಂಞಿಯವರು ಡೀಸೆಲ್ ಫಿಲ್ಟರ್ ಬಿಚ್ಚಿದರು. ಒಳಗೆಲ್ಲ ಕಪ್ಪು ಲೋಳೆ, ವರ್ಷಗಟ್ಟಲೆ ಟ್ಯಾಂಕಿನ ತಳದಲ್ಲಿ ಕೂತಿದ್ದ ಹೊಲಸು. ಗಾಡಿಯಲ್ಲೇ ಇಟ್ಟಿದ್ದ ಹೊಸ ಫಿಲ್ಟರ್ ಹಾಕಿದೊಡನೆ ಜೀಪು ಗುರ್ರೆಂದಿತು. ಹಳೆಯದನ್ನು ಹೊಳೆಗೆಸೆದು ಎಣ್ಣೆಯ ಮೇಲೆ ತಪ್ಪು ಹೊರಿಸಿದ್ದರೆ ಕೇಳುವವರಿರಲಿಲ್ಲ. ಅವರ ಮಾನ ಉಳಿಯುತ್ತಿತ್ತು, ಫ್ಯಾಕ್ಟರಿ ಉಳಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಅವರು ಆ ಫಿಲ್ಟರನ್ನು ಮಿನುಗುವ ಬಾನೆಟ್ಟಿನ ಮೇಲೆಯೇ ಇಟ್ಟು ಎಲ್ಲರನ್ನೂ ಕರೆದರು. ಜೀಪಿನ ಬಣ್ಣದ ಮೇಲೆ ಲೋಳೆ ಹರಿದರೂ ಒರೆಸಲಿಲ್ಲ.

"ಎಣ್ಣೆ ಒಳ್ಳೆಯದೇ ಉಂಟು. ಈ ಕೊಳೆ ನನ್ನದು. ಮೇಡಂ ಹೇಳಿದ್ದರು, ನಾನು ಕೇಳಲಿಲ್ಲ."

ಊರಿಗೆಲ್ಲ ಶುಚಿಯ ಪಾಠ ಹೇಳಿದವರು ಊರೆದುರು ಹೀಗೆ ನಿಲ್ಲಬೇಕಾದರೆ ಗುಂಡಿಗೆ ಬೇಕು. ನಮ್ಮ ನಿಮ್ಮಲ್ಲಿ ಅದು ಎಷ್ಟು ಮಂದಿಗಿದೆ?

ಎಲ್ಲರ ಕಣ್ಣು ಧರ್ಣಪ್ಪನ ಕಡೆ ತಿರುಗಿತು. ಕೋಳಿಗೂಡಿನ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದುಂಟೇ! ಅವನು ಫಿಲ್ಟರನ್ನು ನೋಡಿದ, ತನ್ನ ಜೀಪನ್ನು ನೋಡಿದ, ತಲೆ ಕೆರೆದುಕೊಂಡ.

"ನನಗೂ ಒಂದು ಕ್ಯಾನು ತರಿಸು ಮಾರಾಯ. ನಿನ್ನದರಲ್ಲೇ ಇಷ್ಟು ಇದ್ದರೆ, ನನ್ನದರಲ್ಲಿ ಎಷ್ಟುಂಟೋ ನೋಡುವ."