ಹೊಸ್ತಿಲ ಬಳಿ ಉಪ್ಪು

ಒಸಾಕಾದ ಬಾರುಗಳ ಓಣಿಯಲ್ಲಿ ಸಂಜೆ ದೀಪ ಹತ್ತಿತ್ತು. ನಡೆಯುತ್ತಲೇ ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ತೋರಿಸುತ್ತಿದ್ದೆ. ಪುಣೆಯ ಕೋಥರೂಡದಲ್ಲಿ ಮಧ್ಯಾಹ್ನ ಉಂಡು ಕೂತಿದ್ದ ಆಕೆ ಬೈಯುತ್ತಲೇ ನೋಡುತ್ತಿದ್ದಳು: "ಕುಡುಕರ ಓಣ್ಯಾಗ ನಿನಗೇನ್ ಕೆಲಸ? ಹೊಳ್ಳಿ ರೂಮಿಗೆ ಹೋಗು."

ಅಷ್ಟರಲ್ಲಿ ವಯಸ್ಸಾದ ಒಡತಿಯೊಬ್ಬಳು ಊಟವೂ ಸಿಗುವ ತನ್ನ ಪುಟ್ಟ ಬಾರಿನ ಹೊಸ್ತಿಲ ಎರಡೂ ಬದಿಗೆ ಉಪ್ಪಿನ ಸಣ್ಣ ಗುಡ್ಡೆ ಇಟ್ಟಳು. ಕೆಟ್ಟದ್ದು ಒಳಗೆ ಬರಬಾರದೆಂದು ಇಲ್ಲಿ ಹೀಗೆ ಇಡುತ್ತಾರೆ ಎಂದೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಮನೆಮಂದಿಗೆಲ್ಲ ದೃಷ್ಟಿ ತೆಗೆಯುವ ಅವ್ವ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಒಡತಿಯನ್ನು ನೋಡಿದಳು.

"ಚೊಲೋ ಮನಿತನದಾಕಿ ಕಾಣಸ್ತಾಳ. ಒಳಗ ಹೋಗಿ ಉಂಡು ಬಾ."

ಉಂಡು, ಒಡತಿಯ ಜೊತೆ ಫೋಟೋ ತೆಗೆಸಿಕೊಂಡೆ.

ಪುಣೆಗೆ ಮರಳಿದ ದಿನ ಅವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದಳು. ಆಮೇಲೆ ಇನ್ನೊಂದು ಹಿಡಿ ಉಪ್ಪು ತಂದು, ಫೋನಿನ ಫೋಟೋದಲ್ಲಿದ್ದ ಆ ಒಡತಿಗೂ ನಿವಾಳಿಸಿದಳು.